ಲೈಟರ್ ಉಂಟಾ?

ಕೊಲ್ಲಿ ದೇಶದ ಮೀನಾ ಸಲ್ಮಾನ್ ಬಂದರಿನ ನಮ್ಮ ಗೋದಾಮಿನಲ್ಲಿ ಕನ್ನಡ ಬಲ್ಲವರು ಇಬ್ಬರೇ: ಆಫೀಸಿನಲ್ಲಿ ಕೂರುವ ನಾನು ಮತ್ತು ಹೊರಗೆ ಫೋರ್ಕ್‌ಲಿಫ್ಟ್ ಓಡಿಸುವ, ಉಳ್ಳಾಲ ಕಡೆಯ ಬ್ಯಾರಿ ಒಬ್ಬರು. ಅವರ ಹತ್ತಿರ ಸಿಗರೇಟು ಇರುತ್ತಿತ್ತು, ಲೈಟರ್ ಮಾತ್ರ ಎಂದೂ ಇರುತ್ತಿರಲಿಲ್ಲ. ಚಹಾದ ಹೊತ್ತಿಗೆ ಗೋದಾಮಿನ ಹಿಂದಿನ ನೆರಳಲ್ಲಿ ನನ್ನನ್ನು ಕಂಡ ಕೂಡಲೇ "ಲೈಟರ್ ಉಂಟಾ ಮಾರಾಯ್ರೆ?" ಎನ್ನುತ್ತಿದ್ದರು. ದಾವಣಗೆರೆಯವನಾದ ನನಗೆ ಆ 'ಉಂಟಾ' ಕೇಳಿ ಮೊದಮೊದಲು ನಗು ಬರುತ್ತಿತ್ತು. ಸಿಗರೇಟು ಉರಿಯುವಷ್ಟು ಹೊತ್ತು ಊರಿನ ಮಾತು, ಮುಗಿದರೆ ಮತ್ತೆ ಕೆಲಸ.

ನನಗೆ ಕೆಮ್ಮು ಹತ್ತಿತು. ಡಾಕ್ಟರು ಗದರಿದರು. ಸಿಗರೇಟು ಬಿಟ್ಟು ವೇಪ್ ಎನ್ನುವ ಇ-ಸಿಗರೇಟು ಕೊಂಡೆ. ಮೊದಲ ವಾರವೆಲ್ಲ ಅದರ ಮೇಲೆ ಸಿಟ್ಟೇ ಸಿಟ್ಟು. ಸಿಗರೇಟಿನ ನಿಕೋಟಿನ್ ಎರಡು ದಮ್ಮಿಗೇ ತಲೆಗೇರುತ್ತಿತ್ತು. ಇದರಲ್ಲಿ ಬೆಂಕಿಯಿಲ್ಲ, ಬೂದಿಯಿಲ್ಲ. ಒಳಗಿನ ಸಣ್ಣ ತಂತಿ ಕಾದು ದ್ರವವನ್ನು ಆವಿ ಮಾಡುತ್ತದೆ, ಅದರ ನಿಕೋಟಿನ್ ಹೋಗಲೋ ಬೇಡವೋ ಎನ್ನುವಂತೆ ಒಳಗಿಳಿಯುತ್ತದೆ. ಅಂಗಡಿಯವನು ಬೇರೆ ಬಗೆಯ ದ್ರವ ಕೊಟ್ಟ ಮೇಲೆ ಸುಮಾರಾಗಿ ಸಿಗರೇಟಿನ ಹತ್ತಿರಕ್ಕೆ ಬಂತು. ಆದರೂ ಸಾಕೆನಿಸುವುದಿಲ್ಲ, ಸುಟ್ಟು ಮುಗಿಯುವ ತುದಿಯೂ ಇದಕ್ಕಿಲ್ಲ. ಕಾರಿನಲ್ಲಿ, ಮೆಟ್ಟಿಲಲ್ಲಿ, ಉಮ್ ಅಲ್ ಹಸ್ಸಮ್ ಬಡಾವಣೆಯ ನನ್ನ ಕೋಣೆಯಲ್ಲಿ ಒಬ್ಬನೇ ಇಷ್ಟಿಷ್ಟೇ ಎಳೆಯತೊಡಗಿದೆ. ಗೋದಾಮಿನ ಹಿಂದಕ್ಕೆ ಹೋಗುವ ಅಗತ್ಯವೇ ಉಳಿಯಲಿಲ್ಲ.

ಕೆಮ್ಮೇನೋ ಇಳಿಯಿತು. ಆದರೆ ಇಂಗ್ಲಿಷಿನಲ್ಲಿ ಮೇಲ್ ಬರೆದು, ಹಿಂದಿಯಲ್ಲಿ ಡ್ರೈವರುಗಳ ಜೊತೆ ಕೂಗಾಡಿ ಮನೆಗೆ ಬಂದರೆ ಇಡೀ ದಿನ ಯಾರೂ ನನ್ನನ್ನು ಮಾತಾಡಿಸಿಯೇ ಇಲ್ಲ ಅನ್ನಿಸುತ್ತಿತ್ತು. ಒಂಟಿತನ ತಡೆಯಲಾಗಲಿಲ್ಲ. ಒಂದು ಸಂಜೆ ಮನೆ ಕೆಳಗಿನ ಕೋಲ್ಡ್ ಸ್ಟೋರ್ ಎನ್ನುವ ದಿನಸಿ ಅಂಗಡಿಗೆ ಹೋಗಿ ಹಾಲು, ಖುಬ್ಬೂಸ್ ರೊಟ್ಟಿ ಜೊತೆಗೆ ಒಂದು ಲೈಟರನ್ನೂ ಕೊಂಡೆ. ಸಿಗರೇಟು ಸೇದದವನಿಗೆ ಲೈಟರ್ ಯಾಕೆ ಎಂದು ಯಾರಾದರೂ ಕೇಳಿದ್ದರೆ ಬಹುಶಃ ರೇಗುತ್ತಿದ್ದೆ.

ಮರುದಿನ ಚಹಾದ ಹೊತ್ತಿಗೆ ಹಿಂದಕ್ಕೆ ಹೋದೆ. ಅವರು ಅಲ್ಲೇ ಇದ್ದರು.

"ಏನು ಮಾರಾಯ್ರೆ, ಕಾಣ್ಲಿಕ್ಕೇ ಇಲ್ಲ?"

"ಸಿಗರೇಟು ಬಿಟ್ಬಿಟ್ಟೆ ಕಣ್ರೀ."

"ಒಳ್ಳೆದಾಯ್ತು ಬಿಡಿ," ಎಂದು ಸಿಗರೇಟು ಬಾಯಿಗಿಟ್ಟುಕೊಂಡರು. ನಾನು ಪ್ಯಾಂಟಿನ ಜೇಬಿಗೆ ಕೈ ಹಾಕಿ ಕಾಯುತ್ತಿದ್ದೆ. ಅವರು ಅಂಗಿಯ ಜೇಬಿನಿಂದ ತಮ್ಮದೇ ಲೈಟರ್ ತೆಗೆದು ಹಚ್ಚಿಕೊಂಡರು. "ನೀವು ಬರ್ಲಿಲ್ಲ ಅಲ್ವಾ, ನಾನೇ ಒಂದು ತಕ್ಕೊಂಡೆ."

ಅದೂ ಇದೂ ಮಾತಾಡಿದೆವು. ಅವರ ಸಿಗರೇಟು ಮುಗಿಯಿತು, ಫೋರ್ಕ್‌ಲಿಫ್ಟ್ ಕಡೆ ಹೊರಟುಹೋದರು. ನಾನು ವೇಪ್ ಎಳೆಯುತ್ತಾ ಅಲ್ಲೇ ನಿಂತೆ. ಇನ್ನೊಂದು ಕೈ ಜೇಬಿನಲ್ಲೇ ಇತ್ತು, ಹೊಸ ಲೈಟರನ್ನು ಹಿಡಿದುಕೊಂಡು.