ಮೂರನೇ ಪಂಪು ತೆಪ್ಪಗಾದದ್ದು

ನಮ್ಮ ಭಾವನಿಗೆ ಅನುಮಾನ ಹುಟ್ಟುಗುಣ. ಅಕ್ಕ ಬಾಗಿಲಿಗೆ ಬೀಗ ಹಾಕಿದ ಮೇಲೆ ಇನ್ನೆರಡು ಸಲ ಜಗ್ಗಿ ನೋಡದೆ ಮೆಟ್ಟಿಲಿಳಿಯುವವರಲ್ಲ. ಈ ಗುಣದಿಂದ ಮನೆಯಲ್ಲಿ ಎಲ್ಲರಿಗೂ ತಲೆನೋವು. ಕಾರ್ಖಾನೆಯಲ್ಲಿ ಮಾತ್ರ ಇದಕ್ಕೇ ಸಂಬಳ. ಇಪ್ಪತ್ತಾರು ವರ್ಷದಿಂದ ಅವರು ಅಲ್ಲಿ ಮೆಂಟೆನೆನ್ಸ್ ಫಿಟ್ಟರ್. ನನ್ನನ್ನು ಅಲ್ಲಿಗೆ ಸೇರಿಸಿದವರೂ ಅವರೇ.

"ಕೆಟ್ಟ ಮೇಲೆ ಯಾರು ಬೇಕಾದ್ರೂ ರಿಪೇರಿ ಮಾಡ್ತಾರೆ. ಕೆಡೋಕೆ ಮುಂಚೆ ಹಿಡೀಬೇಕು," ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೊತ್ತಿ, ಮರದ ಹಿಡಿಯನ್ನು ಬಲಗಿವಿಗೆ ಆನಿಸಿ, ಒಂದೊಂದೇ ಯಂತ್ರದ ಒಳಗನ್ನು ಕೇಳುವರು. ದೂರಿನ ಪುಸ್ತಕದಲ್ಲಿ ಅವರು 'ಸರಿ ಇದೆ' ಎಂದು ಬರೆದರೆ ಮ್ಯಾನೇಜರ್ ಕೂಡ ಮರುಮಾತಾಡುತ್ತಿರಲಿಲ್ಲ.

ನಾನು ನೋಡಿಕೊಳ್ಳುತ್ತಿದ್ದದ್ದು ಮೂರನೇ ಪಂಪು. ಬಾಯ್ಲರಿಗೆ ನೀರು ತಳ್ಳುವ ಪಂಪು ಅದು. ಓಡುತ್ತಾ ಓಡುತ್ತಾ ಬೇರಿಂಗ್ ಬಿಗಿದು ನಿಂತರೆ, ನೀರಿಲ್ಲದೆ ಬಾಯ್ಲರ್ ಸಿಡಿದು ಬಳಿ ನಿಂತವರ ಪ್ರಾಣಕ್ಕೇ ಸಂಚಕಾರ. ಒಂದು ಬೆಳಿಗ್ಗೆ ಭಾವ ಅದನ್ನು ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನು ಮಾಡಿದೆ ಇದಕ್ಕೆ?"

"ಏನೂ ಮಾಡಿಲ್ಲ ಭಾವ."

"ಹೋದ ತಿಂಗಳು ಕಿರುಗುಡ್ತಿತ್ತು. ಈಗ ತೆಪ್ಪಗಿದೆ. ಬಿಚ್ಚೋ ಕೆಲಸ ತಪ್ಪಿಸ್ಕೊಳ್ಳೋಕೆ ಗ್ರೀಸ್ ತುಂಬಿ ಬಾಯಿ ಮುಚ್ಚಿಸಿದ್ದೀಯ."

ಆಣೆ ಮಾಡಿದರೂ ನಂಬಲಿಲ್ಲ. ಗ್ರೀಸ್ ತುಂಬುವ ಬಾಯಿಗೆ ಕೆಂಪು ಬಣ್ಣ ಹಚ್ಚಿಟ್ಟು, ಯಾರಾದರೂ ಮುಟ್ಟುತ್ತಾರೋ ಎಂದು ಒಂದು ವಾರ ಕಾದರು. ಬಣ್ಣ ಹಾಗೇ ಇತ್ತು. ಆಮೇಲೆ ಸ್ಟೋರ್ ಕೀಪರ್ ಮೇಲೆ ಕಣ್ಣು: ನನಗೆ ಗುಟ್ಟಾಗಿ ಹೊಸ ಬೇರಿಂಗ್ ಕೊಟ್ಟಿರಬೇಕಂತೆ. ಕ್ಯಾಂಟೀನಿನಲ್ಲಿ ಕೂತಾಗಲೂ ನನ್ನ ಉಗುರಿನ ಸಂದಿಯಲ್ಲಿ ಗ್ರೀಸ್ ಇದೆಯೇ ಎಂದು ಓರೆಗಣ್ಣಿನಲ್ಲಿ ನೋಡುವರು. ನನಗೆ ಮೈಯೆಲ್ಲ ಉರಿಯಿತು. ಹೆಂಡತಿಯ ತಮ್ಮನನ್ನೇ ಕಳ್ಳನಂತೆ ಕಾಯುವುದೇ?

ಹತ್ತನೆಯ ದಿನ ತಡೆಯಲಾಗದೆ ಅವರ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ನಾನೇ ಕಿವಿಗಿಟ್ಟೆ. ಒಳಗೆ ಮರಳು ಅರೆಯುವಂಥ ಸದ್ದು. ಹಲ್ಲು ಜುಮ್ಮೆಂದಿತು.

"ಕೇಳಿದ್ಯಾ? ಹೇಗೆ ತೆಪ್ಪಗಿದೆ ನೋಡು," ಎಂದರು ಭಾವ.

ನನ್ನ ಸಿಟ್ಟೆಲ್ಲ ಇಳಿದು ಹೆದರಿಕೆಯಾಯಿತು. ನನ್ನ ಮುಖ ನೋಡಿ ಅವರಿಗೆ ಮತ್ತೆ ಅನುಮಾನ ಬಂತು. ಸ್ಕ್ರೂಡ್ರೈವರ್ ಇಸಿದುಕೊಂಡು ಬಲಗಿವಿಗೆ ಇಟ್ಟರು. ಆಮೇಲೆ, ನಾನು ಕಂಡಂತೆ ಮೊದಲ ಸಲ, ಎಡಗಿವಿಗೆ. ಮುಖ ಬಿಳಿಚಿಕೊಂಡಿತು.

"ಬಾಯ್ಲರಿಗೆ ಬದಲಿ ಪಂಪು ಹಾಕು. ಇದನ್ನ ನಿಲ್ಸು."

ಬಿಚ್ಚಿ ನೋಡಿದರೆ ಬೇರಿಂಗು ಇನ್ನೊಂದು ದಿನ ತಡೆಯುವ ಹಾಗಿರಲಿಲ್ಲ.

ಭಾವ ದೂರಿನ ಪುಸ್ತಕ ತೆರೆದು ಬರೆದರು: 'ಮೂರನೇ ಪಂಪು, ಬೇರಿಂಗ್ ಹೋಗಿದೆ.' ಅದರ ಕೆಳಗೆ ಇನ್ನೊಂದು ಸಾಲು: 'ಫಿಟ್ಟರ್, ಬಲಗಿವಿ ಹೋಗಿದೆ. ಯಾವತ್ತಿನಿಂದ ಎಂದು ತಿಳಿಯದು.' ಹಿಂದಿನ ಪುಟಗಳಿಗೆ ಹೋಗಿ, ಆ ತಿಂಗಳು ತಾವೇ ಬರೆದಿದ್ದ 'ಸರಿ ಇದೆ'ಗಳನ್ನು ಒಂದೊಂದಾಗಿ ಹೊಡೆದುಹಾಕಿದರು. ಕೊನೆಗೆ ಸ್ಕ್ರೂಡ್ರೈವರನ್ನು ನನಗೆ ಕೊಟ್ಟರು.

"ಒಂದನೇ ಪಂಪಿಂದ ಶುರು ಮಾಡು. ಸರಿಯಾಗಿ ಕೇಳು, ನಿನ್ನನ್ನ ನಂಬೋಕಾಗಲ್ಲ."

"ಆಯ್ತು ಭಾವ," ಎಂದೆ. ಅವರಿಗೆ ಕೇಳಿಸಲಿಲ್ಲ. ಸುತ್ತಿ ಅವರ ಎಡಕ್ಕೆ ಬಂದು ಮತ್ತೆ ಹೇಳಿದೆ.