ಉಂಡವಲ್ಲಿಯ ಕತ್ತಲಲ್ಲಿ ಅಪ್ಪನ ದನಿ

ಅಪ್ಪನ ಬ್ಯಾಂಕಿನ ಮ್ಯಾನೇಜರು ಕೆಮ್ಮುವುದರಿಂದ ಹಿಡಿದು ನಮ್ಮ ತೆಲುಗು ಮನೆಯೊಡತಿ ನಲ್ಲಿ ನೀರು ಬಂತೆಂದು ಕೂಗುವವರೆಗೆ ಎಲ್ಲವನ್ನೂ ನಾನು ಅಣಕಿಸಬಲ್ಲೆ. ನನ್ನ ಸ್ವಂತ ದನಿಯೇ ಯಾರದ್ದೋ ಕಳಪೆ ನಕಲಿನಂತಿದೆ, ಆ ಮಾತು ಬೇರೆ. ಅಪ್ಪನ ದನಿಯಂತೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿತ್ತು.

ಗಂಟಲಲ್ಲಿ ಗಡ್ಡೆಯಾಗಿ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ವಿಶಾಖಪಟ್ಟಣದ ಡಾಕ್ಟರು ಹೇಳಿದರು. ಗಂಟೆಯಂತಿದ್ದ ದನಿ ಆಗಲೇ ಹರಿದು ಪಿಸುಮಾತಾಗಿತ್ತು. ಆಪರೇಷನ್ನಿಗೆ ಹೊರಡುವ ಹಿಂದಿನ ಸಂಜೆ ಅಪ್ಪ ನಮ್ಮನ್ನು ಉಂಡವಲ್ಲಿ ಗುಹೆಗಳಿಗೆ ಕರೆದೊಯ್ದರು. ವಿಜಯವಾಡಕ್ಕೆ ವರ್ಗವಾಗಿ ಬಂದಾಗಿನಿಂದ ನೋಡದೇ ಉಳಿದ ಜಾಗ ಅದು.

ಅಂತಸ್ತಿನ ಮೇಲೆ ಅಂತಸ್ತಾಗಿ ಬೆಟ್ಟವನ್ನೇ ಕೊರೆದ ಬೌದ್ಧ ವಿಹಾರ. ಒಂದು ಕಾಲಕ್ಕೆ ಭಿಕ್ಷುಗಳು ಮಳೆಗಾಲವಿಡೀ ಇಲ್ಲಿ ಮೌನವಾಗಿ ಕೂರುತ್ತಿದ್ದರಂತೆ. ಗೋಡೆಯ ಮೇಲೆ ಉಳಿಯ ಗೆರೆಗಳಿವೆ. ಒಬ್ಬರ ದನಿಯೂ ಉಳಿದಿಲ್ಲ. ನಾನು ಅಣಕಿಸಲಾಗದ ಜನ ಅವರೇ ಇರಬೇಕು.

ಅವ್ವ ಹೊರಗೆ ಕಂಬಕ್ಕೊರಗಿ ಕುಳಿತಳು. ಅಪ್ಪ ನನ್ನನ್ನು ಒಳಕೋಣೆಗೆ ಎಳೆದರು. ಬಾವಲಿ ವಾಸನೆ, ಗವ್ವೆನ್ನುವ ಕತ್ತಲು.

"ನನ್ನ ದನೀಲೆ ಅವ್ವನ್ನ ಕರಿ," ಎಂದು ಪಿಸುಗುಟ್ಟಿದರು.

"ಇಲ್ಲೇನಪ್ಪಾ? ಟಿಕೆಟ್ ಇಡೂಣೇನು?"

"ಮಂಗ್ಯಾನ ಮಗನ, ಚ್ಯಾಷ್ಟಿ ಬ್ಯಾಡ."

"ಹಂಗಂದ್ರ ಮಂಗ್ಯಾ ನೀವ ಆದ್ರಿ."

ಅವರು ನಗಲಿಲ್ಲ. "ನನ್ನ ದನಿ ಹೋದಮ್ಯಾಲೆ ಆಕಿಗೆ ಕೇಳಾಕ ಇರ್ಲಿ. ಸರಿ ಬರತೈತೋ ಇಲ್ಲೋ ನೋಡಬೇಕು."

ಅವರು ಎಂದಿನಂತೆ ಕರೆಯುವ ಹಾಗೇ ಕರೆದೆ. "ಇವಳ, ಬಾ ಇಲ್ಲೆ!"

ನನ್ನ ಬಾಯಿಂದ ಹೊರಟದ್ದು ನನ್ನ ಬೆನ್ನ ಹಿಂದಿನಿಂದ ಬಂದಂತಾಯಿತು.

ಬಳೆ ಸದ್ದು ಓಡಿ ಬಂತು. ಬಾಗಿಲ ಬೆಳಕಿನಲ್ಲಿ ಅವ್ವ ನಿಂತಿದ್ದಳು, ನಗುತ್ತಿದ್ದಳು. "ದನಿ ಬಂತೇನ್ರೀ? ಆರಾಮ ಆತೇನ್ರೀ?"

ಅಪ್ಪ ನನ್ನ ತೋಳು ಹಿಡಿದುಕೊಂಡರು.

"ಅವ್ವಾ, ನಾನು" ಎಂದೆ. ಅದೂ ಅಪ್ಪನ ದನಿಯಲ್ಲೇ ಬಂತು. ಕೆಮ್ಮಿದೆ, ಕೆಮ್ಮೂ ಅವರದೇ.

ಅವ್ವ ಕತ್ತಲಲ್ಲಿ ತಡಕಾಡಿ ನನ್ನ ಬಾಯಿ ಮುಚ್ಚಿದಳು. ಅಂಗೈ ತಣ್ಣಗಿತ್ತು. "ಇನ್ನೊಮ್ಮೆ ಆ ದನಿ ತಗೀಬ್ಯಾಡ. ಅವ್ರಿನ್ನೂ ಅದಾರ."

ಅಷ್ಟರಲ್ಲಿ ಹೊರಗೆ ಕಾವಲುಗಾರ ಗೇಟು ಹಾಕುವ ಮುನ್ನ ಕೂಗಿದ, ಒಳಗೆ ಯಾರಾದರೂ ಇದ್ದೀರಾ ಎಂದು: "ಲೋಪಲ ಎವರೈನಾ ಉನ್ನಾರಾ?"

ಅವ್ವ ಕೈ ತೆಗೆಯಲಿಲ್ಲ. ಹಳೇ ಬಟ್ಟೆ ಹರಿದಂಥ ಸದ್ದಿನಲ್ಲಿ ಅಪ್ಪನೇ ತೆಲುಗಿನಲ್ಲಿ ಇದ್ದೇವೆ ಎಂದರು: "ಉನ್ನಾಂ."

ಅವನಿಗೆ ಕೇಳಿಸಲಿಲ್ಲ. ಚಪ್ಪಲಿ ಸದ್ದು ದೂರವಾಗತೊಡಗಿತು. ಅಪ್ಪ ಗೋಡೆ ಹಿಡಿದು, ಬಾಗಿಲ ಬೆಳಕಿನತ್ತ ನಡೆಯುತ್ತ, "ಉನ್ನಾಂ, ಉನ್ನಾಂ" ಎನ್ನುತ್ತಲೇ ಇದ್ದರು.