ವರ್ಷತೊಡಕಿನ ಬಿಯರ್

ಯುಗಾದಿಯ ಮರುದಿನ, ಭದ್ರಾವತಿ. ಶಿವಮೊಗ್ಗದ ರೈಲಿಗೆ ಇನ್ನೂ ಹೊತ್ತಿತ್ತು. ಸ್ಟೇಷನ್ ಹತ್ತಿರದ ಬಾರಿನಲ್ಲಿ ಒಬ್ಬನೇ ಬಿಯರ್ ಕುಡಿಯುತ್ತಾ ಕುಳಿತಿದ್ದೆ. ಪಕ್ಕದ ಟೇಬಲ್ಲಿನ ಹಿರಿಯರು ಬಿಯರ್ ಜೊತೆಗೆ ಸ್ಟೀಲ್ ಡಬ್ಬಿಯಿಂದ ಒಬ್ಬಟ್ಟು ತಿನ್ನುತ್ತಿದ್ದರು.

"ಈ ಕಡೆ ಬರ್ತೀರಾ ಸಾರ್?" ಎಂದರು. "ವರ್ಷತೊಡಕಿನ ದಿನ ಏನು ಮಾಡ್ತೀವೋ ವರ್ಷವೆಲ್ಲ ಅದೇ ಆಗುತ್ತಂತೆ. ಹೆಂಡ್ತಿ ತೀರ್ಕೊಂಡು ವರ್ಷ ತುಂಬಿಲ್ಲ. ಇವತ್ತು ಒಬ್ನೇ ಕುಡಿಯೋಕೆ ಹೆದರಿಕೆ."

ನಾನು ಗ್ಲಾಸು ಹಿಡಿದುಕೊಂಡು ಹೋಗಿ ಅವರೆದುರು ಕುಳಿತೆ. ಡಬ್ಬಿಯನ್ನು ನನ್ನತ್ತ ತಳ್ಳಿದರು.

"ಬಿಯರಿಗೆ ಒಬ್ಬಟ್ಟಾ?"

"ತಿಂದು ನೋಡಿ ಮಾರಾಯ್ರೆ. ನಮ್ಮನೇಲಿ ಹಬ್ಬ ಇಲ್ಲ ಅಂತ ಪಕ್ಕದ್ಮನೆಯವ್ರು ಕೊಟ್ಟಿದ್ದು. ಕಬಾಬ್ ಯಾವತ್ತೂ ಇರುತ್ತೆ."

ನಿಜಕ್ಕೂ ಚೆನ್ನಾಗಿತ್ತು. ರೈಲಿನ ಹೊತ್ತಾಯಿತೆಂದು ನಾನು ಎದ್ದೆ. ಅವರ ಗ್ಲಾಸಿನಲ್ಲಿ ಇನ್ನೂ ಅರ್ಧ ಬಿಯರಿತ್ತು. ಅದನ್ನು ಹಾಗೇ ಬಿಟ್ಟು ಅವರೂ ನನ್ನ ಜೊತೆಗೇ ಎದ್ದರು.